ಋಣ ತೀರಿಸಿದ್ದು ಯಾರು, ಗಳಿಸಿದ್ದು ಯಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಸಾಲ ಎಂದರೆ ಬಹಳ ಕಾಲ ತೋಟದ ಸಾಲವೇ ಆಗಿತ್ತು. ಕೊಳೆರೋಗ ಬಂದ ವರ್ಷ ಅದು ಏರುತ್ತಿತ್ತು, ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಸ್ವಲ್ಪ ಇಳಿಯುತ್ತಿತ್ತು. ಅಪ್ಪನ ಸಾಲ ಮಗನಿಗೆ ಬರುವುದೂ ತೋಟದ ಜೊತೆಗೇ. ನಮ್ಮ ತಲೆಮಾರಿನಲ್ಲಿ ಇದಕ್ಕೆ ಇನ್ನೊಂದು ಸಾಲ ಸೇರಿದೆ. ಅದು ತೋಟಕ್ಕೆ ಸಂಬಂಧಿಸಿದ್ದಲ್ಲ. ತೋಟವನ್ನು ಬಿಟ್ಟು ಹೋಗುವುದಕ್ಕಾಗಿ ಮಾಡಿದ್ದು. ಅದೇ ಓದಿನ ಸಾಲ.

ನನ್ನ ದೊಡ್ಡಪ್ಪನ ಮಗ ಅಂಥ ಸಾಲದಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವನು. ಅವನ ಕಂಪನಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ನೇರವಾಗಿ ಬ್ಯಾಂಕಿಗೆ ಕಟ್ಟಿ ಅವನ ಸಾಲ ತೀರಿಸಲು ನೆರವಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಆದರೆ ಆ ಒಂದು ಲಕ್ಷವನ್ನೂ ಅವನ ಸಂಬಳಕ್ಕೆ ಸೇರಿಸಿ ತೆರಿಗೆ ಮುರಿದಿದ್ದಾರೆಂದು ತಿಳಿದಾಗ ದೊಡ್ಡಪ್ಪ ನನ್ನನ್ನು ಕೇಳಿದ್ದು ಹೀಗೆ: 'ದುಡ್ಡು ಅವನ ಕೈಗೇ ಬಂಜಿಲ್ಲೆ. ಮತ್ತೆ ತೆರಿಗೆ ಎಂತಕ್ಕೆ ತಂಗಿ?'

ಮೇಲುನೋಟಕ್ಕೆ ಇದು ಲೆಕ್ಕಪರಿಶೋಧಕರಿಗೆ ಕೇಳಬೇಕಾದ ಪ್ರಶ್ನೆ. ಆದರೆ ಲೆಕ್ಕಪರಿಶೋಧಕರು ಉತ್ತರಿಸಿ ಮುಗಿಸಿದ ಮೇಲೂ ಇದರಲ್ಲಿ ಏನೋ ಉಳಿಯುತ್ತದೆ. ನನ್ನ ಋಣವನ್ನು ಬೇರೆಯವರು ತೀರಿಸಿದರೆ ನಾನು ಏನನ್ನಾದರೂ ಗಳಿಸಿದಂತೆಯೇ? ಓದಿಗಾಗಿ ಮಾಡಿದ ಋಣವೂ ಬೇರೆ ಋಣಗಳೂ ಒಂದೇ ಜಾತಿಯವೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇನೆ.

ಮೊದಲು ಕಾನೂನು ಏನನ್ನುತ್ತದೆ ಎಂದು ನೋಡೋಣ. 1961ರ ಆದಾಯ ತೆರಿಗೆ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೌಕರನು ತಾನೇ ಕೊಡಬೇಕಾಗಿದ್ದ ಯಾವುದೇ ಹಣವನ್ನು ಮಾಲೀಕ ಕೊಟ್ಟರೆ ಅದು ಸಂಬಳದ ಜೊತೆಗಿನ ಸವಲತ್ತು, ಅಂದರೆ ಪರ್ಕ್ವಿಸಿಟ್. ಅದು ಪೂರ್ತಿಯಾಗಿ ತೆರಿಗೆಗೆ ಒಳಪಡುತ್ತದೆ. ಈ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಈ ವಿಷಯದಲ್ಲಿ ತತ್ವ ಮಾತ್ರ ಹಳೆಯದೇ. ಎಲ್ಲರಿಗೂ ಪರಿಚಿತವಾಗಿರುವುದರಿಂದ ನಾನೂ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ. ಶೇಕಡಾ 20ರ ಹಂತದಲ್ಲಿರುವವನಿಗೆ ಕಂಪನಿ ಒಂದು ಲಕ್ಷ ಕಟ್ಟಿದರೆ, ಶೇಕಡಾ 4ರ ಸೆಸ್ ಸೇರಿ 20,800 ರೂಪಾಯಿ ತೆರಿಗೆಯಾಗುತ್ತದೆ. ಬ್ಯಾಂಕಿಗೆ ಪೂರ್ತಿ ಒಂದು ಲಕ್ಷ ಹೋದರೂ ಅವನಿಗೆ ನಿಜವಾಗಿ ದಕ್ಕಿದ ನೆರವು 79,200 ಮಾತ್ರ.

ದೊಡ್ಡಪ್ಪನ ವಾದ, ಅಂದರೆ ಕೈಗೆ ಬಾರದ ಹಣ ಆದಾಯವಲ್ಲ ಎಂಬುದು, ಬಹಳ ಸಹಜವಾದದ್ದು. ಆದರೂ ಅದು ನಿಲ್ಲುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 1929ರಲ್ಲಿ ಇದೇ ಪ್ರಶ್ನೆ ಬಂದಿತ್ತು. ಉಣ್ಣೆ ಬಟ್ಟೆಯ ಕಂಪನಿಯೊಂದು ತನ್ನ ಅಧ್ಯಕ್ಷನ ಆದಾಯ ತೆರಿಗೆಯನ್ನು ತಾನೇ ಸರ್ಕಾರಕ್ಕೆ ಕಟ್ಟಿತ್ತು. ಅವನ ಕೈಗೆ ಆ ಹಣ ಬರಲೇ ಇಲ್ಲ. ಕೋರ್ಟು ಮಾತ್ರ, ಬಾಧ್ಯತೆ ಅವನದಾಗಿದ್ದರಿಂದ ಅದನ್ನು ತೀರಿಸಿದ್ದೂ ಅವನಿಗೆ ಕೊಟ್ಟ ಹಣವೇ ಎಂದು ತೀರ್ಮಾನಿಸಿತು. ಇದನ್ನು ಒಪ್ಪದಿದ್ದರೆ ಏನಾಗುತ್ತದೆಂದು ಯೋಚಿಸಿ. ಕಂಪನಿಗಳು ಸಂಬಳ ಕೊಡುವುದನ್ನು ಬಿಟ್ಟು ನೌಕರನ ಮನೆಬಾಡಿಗೆ, ಕಿರಾಣಿ ಅಂಗಡಿಯ ಬಾಕಿ, ಕಾರಿನ ಕಂತು ಎಲ್ಲವನ್ನೂ ತಾವೇ ಕಟ್ಟತೊಡಗುತ್ತವೆ. ದೊಡ್ಡ ಕಂಪನಿಯ ನೌಕರರು ತೆರಿಗೆಯಿಂದ ಪಾರಾಗುತ್ತಾರೆ. ಶಿರಸಿಯ ಬಟ್ಟೆ ಅಂಗಡಿಯಲ್ಲಿ ಕೈಯಲ್ಲೇ ಸಂಬಳ ಎಣಿಸಿಕೊಳ್ಳುವವನಿಗೆ ಅಂಥ ಅನುಕೂಲ ಇರುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ, ಹೌದು. ಋಣ ಕಡಿಮೆಯಾಗುವುದೂ ಒಂದು ಗಳಿಕೆಯೇ. ಸಾಲದ ಭಾರ ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಾಗಿಲ್ಲ. ಓದಿಗೆ ಹಾಕಿದ ಹಣ ಎಂಥದ್ದು? ಅಡಿಕೆ ಸಂಸ್ಕರಣೆಯ ಉದ್ಯಮ ನಡೆಸುವವರೊಬ್ಬರು ಸಾಲ ಮಾಡಿ ಯಂತ್ರ ಕೊಂಡರೆ, ಆ ಸಾಲದ ಬಡ್ಡಿ ಅವರ ವ್ಯವಹಾರದ ಖರ್ಚಾಗುತ್ತದೆ. ಯಂತ್ರ ಸವೆಯುತ್ತದೆ ಎಂದು ವರ್ಷವರ್ಷವೂ ಅದರ ಬೆಲೆಯ ಒಂದು ಪಾಲನ್ನು ಲಾಭದಿಂದ ಕಳೆಯಬಹುದು. ಅಂದರೆ ಸಂಪಾದನೆಗೆ ಬೇಕಾದ ಸಾಧನದ ಅಸಲೂ ಬಡ್ಡಿಯೂ ತೆರಿಗೆಯ ಲೆಕ್ಕದಲ್ಲಿ ಖರ್ಚೇ. ನನ್ನ ಅಣ್ಣನ ಸಂಪಾದನೆಯ ಸಾಧನ ಅವನ ತಲೆಯಲ್ಲಿದೆ. ಅದೂ ಸವೆಯುತ್ತದೆ. ಅವನು ಕಲಿತ ಪ್ರೋಗ್ರಾಮಿಂಗ್ ಭಾಷೆಗಳು ಯಂತ್ರಕ್ಕಿಂತ ಬೇಗ ಹಳತಾಗುತ್ತವೆ. ಆದರೆ ಅದರ ಸವಕಳಿಯನ್ನು ಯಾವ ಲೆಕ್ಕದಲ್ಲೂ ತೋರಿಸಲು ಬರುವುದಿಲ್ಲ.

ಇದಕ್ಕೆ ಒಂದು ಪ್ರತಿವಾದವಿದೆ. ಓದು ಬರೀ ಸಂಪಾದನೆಯ ಸಾಧನವಲ್ಲ, ಅದು ಮನುಷ್ಯನನ್ನೇ ಬೆಳೆಸುತ್ತದೆ. ಹಾಡು ಕಲಿತವನು, ಕಾವ್ಯ ಓದಿದವನು ಅದನ್ನು ಜೀವನವಿಡೀ ಅನುಭವಿಸುತ್ತಾನೆ. ಹಾಗೆ ಅನುಭವಿಸುವುದಕ್ಕೆ ಖರ್ಚು ಮಾಡಿದ ಹಣಕ್ಕೆ ಊರೆಲ್ಲ ಕೂಡಿಸಿದ ತೆರಿಗೆಯಿಂದ ಯಾಕೆ ರಿಯಾಯಿತಿ ಕೊಡಬೇಕು? ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಓದು ಸಾಧನವೂ ಹೌದು, ಸುಖವೂ ಹೌದು. ಯಾವ ಪಾಲು ಎಷ್ಟು ಎಂದು ಓದಿದವನಿಗೂ ಗೊತ್ತಿರುವುದಿಲ್ಲ.

ಈ ಗೊಂದಲ ಕಾನೂನಿಗೂ ಇದೆ ಎಂಬುದು 80ಇ ಕಲಮಿನ ಇತಿಹಾಸ ನೋಡಿದರೆ ತಿಳಿಯುತ್ತದೆ. 1994ರ ಹಣಕಾಸು ಕಾಯ್ದೆಯಿಂದ ಬಂದ ಈ ಕಲಮು ಮೊದಲು ಶಿಕ್ಷಣ ಸಾಲದ ಅಸಲು, ಬಡ್ಡಿ ಎರಡರ ಮರುಪಾವತಿಗೂ ಕಡಿತ ಕೊಡುತ್ತಿತ್ತು. ಆದರೆ ಅದಕ್ಕೆ ಮಿತಿಯಿತ್ತು. ಕೊನೆಗೆ ಆ ಮಿತಿ ವರ್ಷಕ್ಕೆ 40,000 ರೂಪಾಯಿ. 2005ರ ಹಣಕಾಸು ಕಾಯ್ದೆ ಇದನ್ನು ತಿರುಗಿಸಿತು. ಅಸಲಿಗೆ ಏನೂ ಇಲ್ಲ, ಬಡ್ಡಿಗೆ ಮಿತಿಯೇ ಇಲ್ಲ, ಅದೂ ಎಂಟು ವರ್ಷಗಳವರೆಗೆ ಮಾತ್ರ. ಇದರಿಂದ ಹೆಚ್ಚು ಲಾಭವಾಗುವುದು ಯಾರಿಗೆಂದು ಊಹಿಸುವುದು ಕಷ್ಟವಲ್ಲ. ದೊಡ್ಡ ಸಾಲ ಮಾಡಿ ದೊಡ್ಡ ಬಡ್ಡಿ ಕಟ್ಟುವವರಿಗೆ, ದೊಡ್ಡ ತೆರಿಗೆಯ ಹಂತದಲ್ಲಿರುವವರಿಗೆ. ಈಗ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತವೂ ಸಿಗುವುದಿಲ್ಲ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಕೆಲಸಕ್ಕೆ ಸೇರಿದ ಮೇಲೆ ಕಂಪನಿ ತನ್ನ ಖರ್ಚಿನಲ್ಲಿ ನೌಕರನಿಗೆ ತರಬೇತಿ ಕೊಡಿಸಿದರೆ ಅದು ಅವನ ಆದಾಯವಲ್ಲ. ಅದೇ ವಿದ್ಯೆಯನ್ನು ಅವನು ಮೊದಲೇ ಸಾಲ ಮಾಡಿ ಕಲಿತು ಬಂದಿದ್ದು, ಕಂಪನಿ ಆಮೇಲೆ ಆ ಸಾಲ ತೀರಿಸಿದರೆ ಅದು ಆದಾಯ. ವಿದ್ಯೆಯೂ ಒಂದೇ, ಹಣ ಕೊಟ್ಟವರೂ ಒಬ್ಬರೇ. ವ್ಯತ್ಯಾಸ ಇರುವುದು ಕಾಲದಲ್ಲಿ ಮಾತ್ರ. ಅಮೆರಿಕದಲ್ಲೂ ಬಹಳ ಕಾಲ ಹೀಗೆಯೇ ಇತ್ತು. ನೌಕರನ ಓದಿನ ಶುಲ್ಕವನ್ನು ಮಾಲೀಕ ಕೊಟ್ಟರೆ ತೆರಿಗೆ ಇಲ್ಲ ಎಂಬ ನಿಯಮ 1978ರಲ್ಲೇ ಬಂದಿತ್ತು. ಹಳೆಯ ಓದಿನ ಸಾಲ ತೀರಿಸುವ ನೆರವೂ ಅದರೊಳಗೆ ಬಂದದ್ದು ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ. ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ತಾತ್ಕಾಲಿಕವಾಗಿದ್ದ ಈ ಅನುಕೂಲವನ್ನು 2025ರಲ್ಲಿ ಶಾಶ್ವತ ಮಾಡಿದರು. ನಮ್ಮಲ್ಲೂ ಹಾಗೆ ಮಾಡಬಾರದೇಕೆ ಎಂದು ಅಣ್ಣ ಕೇಳುತ್ತಾನೆ.

ಅವನಿಗೆ ಉತ್ತರ ಹೇಳುವ ಮೊದಲು ನಮ್ಮ ಮನೆಯನ್ನೇ ಒಮ್ಮೆ ನೋಡಬೇಕು. ಇಲ್ಲಿ ಯಾರು ಎಷ್ಟು ತೆರಿಗೆ ಕಟ್ಟುತ್ತೇವೆ? ದೊಡ್ಡಪ್ಪನ ಅಡಿಕೆಯ ಆದಾಯ ಕೃಷಿ ಆದಾಯ. 10(1)ನೇ ಕಲಮಿನಂತೆ ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ನನ್ನ ಫೆಲೋಶಿಪ್ 10(16)ನೇ ಕಲಮಿನಲ್ಲಿ ಬರುತ್ತದೆ. ಓದಿನ ಖರ್ಚಿಗೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಯುಜಿಸಿಯ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ವರ್ಷಕ್ಕೆ 4,44,000 ಆಯಿತು. ಇದು ನಿಜವಾಗಿ ನನ್ನ ಕೈಗೇ ಬರುವ ಹಣ. ಇದರಲ್ಲಿ ನಾನು ಪುಸ್ತಕ ಕೊಳ್ಳುತ್ತೇನೆ, ಊಟ ಮಾಡುತ್ತೇನೆ, ಊರಿಗೆ ಹೋಗುವಾಗ ಬಸ್ಸಿನ ಟಿಕೆಟ್ಟನ್ನೂ ಕೊಳ್ಳುತ್ತೇನೆ. ಕೈಗೆ ಬಂದ ನನ್ನ ಹಣಕ್ಕೆ ತೆರಿಗೆ ಇಲ್ಲ, ಕೈಗೆ ಬಾರದ ಅಣ್ಣನ ಹಣಕ್ಕೆ ತೆರಿಗೆ ಇದೆ. ಇಬ್ಬರದೂ ಓದಿಗೆ ಸಂಬಂಧಿಸಿದ ಹಣವೇ.

ಈ ವ್ಯತ್ಯಾಸಕ್ಕೆ ಕಾರಣ ಹೇಳಬಹುದು. ವಿದ್ಯಾರ್ಥಿವೇತನ ಯಾವ ದುಡಿಮೆಗೂ ಕೊಟ್ಟ ಪ್ರತಿಫಲವಲ್ಲ. ಕಂಪನಿಯ ನೆರವು ಅವನ ದುಡಿಮೆಗೆ ಪ್ರತಿಫಲ. ಅವನು ನಾಳೆ ಕೆಲಸ ಬಿಟ್ಟರೆ ಅದೂ ನಿಲ್ಲುತ್ತದೆ. ಈ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಇದರ ಜೊತೆಗೆ ಒಂದು ಮಾತು ಸೇರಿಸಬೇಕು. ನನಗೆ ಫೆಲೋಶಿಪ್ ಸಿಕ್ಕಿತು, ಅವನಿಗೆ ಸಾಲ ಸಿಕ್ಕಿತು ಎಂಬುದು ಪೂರ್ತಿ ನಮ್ಮ ಯೋಗ್ಯತೆಯ ಮೇಲೆ ತೀರ್ಮಾನವಾದದ್ದಲ್ಲ. ಯಾವ ವಿಷಯ ಓದಿದರೆ ಸಮಾಜ ಮೊದಲೇ ಹಣ ಕೊಡುತ್ತದೆ, ಯಾವುದನ್ನು ಓದಿದರೆ ಸಾಲ ಮಾಡಿಕೋ ಎನ್ನುತ್ತದೆ ಎಂಬುದನ್ನು ನಾವು ನಿರ್ಧರಿಸಿರಲಿಲ್ಲ.

ಇನ್ನು ನಮ್ಮ ಮೂರು ತಾಲೂಕುಗಳಲ್ಲಿ ಓದಿನ ಸಾಲ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಅಣ್ಣನ ಬೇಡಿಕೆ ಇನ್ನಷ್ಟು ಜಟಿಲವಾಗುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಕು. ತೋಟದ ಪಹಣಿ ಇರುವವರಿಗೆ ಅದು ಸಾಧ್ಯ. ಆದರೆ ಉತ್ತರ ಕನ್ನಡದ ಹೆಚ್ಚಿನ ಭೂಮಿ ಅರಣ್ಯ. ಯಲ್ಲಾಪುರದ ಕಾಡಿನ ಅಂಚಿನಲ್ಲಿ ತಲೆಮಾರುಗಳಿಂದ ಸಾಗುವಳಿ ಮಾಡಿಕೊಂಡು ಬಂದ ಎಷ್ಟೋ ಕುಟುಂಬಗಳ ಭೂಮಿಗೆ ಪಹಣಿಯೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟ ಅರ್ಜಿ ಏನಾಯಿತೆಂದು ಕಾಯುತ್ತಿರುವವರಿದ್ದಾರೆ. ಅಂಥ ಮನೆಯ ಹುಡುಗಿ ದೊಡ್ಡ ಸಾಲ ಮಾಡಿಯೇ ಇರುವುದಿಲ್ಲ. ಮಾಡಲು ಆಗಿರುವುದಿಲ್ಲ. ಅವಳು ಶಿರಸಿಯಲ್ಲೇ ಒಂದು ಡಿಗ್ರಿ ಮುಗಿಸಿ ಅಂಗಡಿಯ ಲೆಕ್ಕ ಬರೆಯುತ್ತಿರಬಹುದು. ಸಾಲವಿಲ್ಲದವಳಿಗೆ ಸಾಲ ತೀರಿಸುವ ನೆರವೂ ಇಲ್ಲ, ಅದರ ಮೇಲಿನ ತೆರಿಗೆ ವಿನಾಯಿತಿಯೂ ಇಲ್ಲ.

ಇನ್ನು ಕೆಲವರು ಸಾಲ ಮಾಡಿರುತ್ತಾರೆ, ಆದರೆ ಕಾನೂನು ಅದನ್ನು ಓದಿನ ಸಾಲ ಎಂದು ಗುರುತಿಸುವುದಿಲ್ಲ. 80ಇ ಕಲಮಿಗೆ ಬೇಕಾದದ್ದು ಬ್ಯಾಂಕಿನ, ಅಧಿಸೂಚಿತ ಹಣಕಾಸು ಸಂಸ್ಥೆಯ ಅಥವಾ ಮಾನ್ಯತೆ ಪಡೆದ ದತ್ತಿ ಸಂಸ್ಥೆಯ ಸಾಲ, ಅದೂ ಉನ್ನತ ಶಿಕ್ಷಣಕ್ಕೆಂದೇ ಪಡೆದದ್ದು. ನಮ್ಮ ಕಡೆ ಎಷ್ಟು ಮಕ್ಕಳ ಶುಲ್ಕ ಸೇವಾ ಸಹಕಾರಿ ಸಂಘದ ಬೆಳೆಸಾಲದಿಂದ ಹೋಗಿಲ್ಲ? ಆಯಿಯ ಸರ ಅಡವಿಟ್ಟು ತಂದ ಹಣದಿಂದ ಹೋಗಿಲ್ಲ? ಮಾವನೊಬ್ಬ 'ಕೈಯಲ್ಲಿದ್ದಾಗ ಕೊಡು' ಎಂದು ಕೊಟ್ಟ ಹಣದಿಂದ ಹೋಗಿಲ್ಲ? ಅಣ್ಣನ ಸಾಲದ ಮೊದಲ ಎರಡು ವರ್ಷದ ಕಂತು ತುಂಬಿದವರು ದೊಡ್ಡಪ್ಪ, ಅಡಿಕೆ ಮಾರಿದ ಹಣದಿಂದ. 80ಇ ಕಲಮು ಕೇಳುವುದು ತೆರಿಗೆಗೆ ಒಳಪಡುವ ಆದಾಯದಿಂದ ಕಟ್ಟಿದ ಬಡ್ಡಿಯನ್ನು. ಅಡಿಕೆಯ ಹಣಕ್ಕೆ ತೆರಿಗೆ ಇಲ್ಲದ್ದರಿಂದ ಆ ಬಡ್ಡಿಗೆ ಕಡಿತವೂ ಇಲ್ಲ. ತರ್ಕಕ್ಕೆ ಇದು ಸರಿಯಾಗಿಯೇ ಇದೆ. ಆದರೆ ಒಬ್ಬನ ಓದಿಗೆ ಎಷ್ಟು ಜನ ಭಾರ ಹೊತ್ತಿದ್ದಾರೆ, ಅವರಲ್ಲಿ ಎಷ್ಟು ಜನ ಯಾವ ಕಡತದಲ್ಲೂ ಇಲ್ಲ ಎಂಬುದನ್ನು ಇದು ತೋರಿಸುತ್ತದೆ.

ಬೇರೆಯವನೊಬ್ಬ ವಿದ್ಯಾರ್ಥಿಯ ಋಣ ತೀರಿಸಿದ ಕಥೆಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಕಾಳಿದಾಸನ ರಘುವಂಶದ ಐದನೆಯ ಸರ್ಗದ ಕೌತ್ಸನ ಕಥೆ. ಗುರು ವರತಂತು ದಕ್ಷಿಣೆ ಬೇಡ ಎಂದರೂ ಕೌತ್ಸ ಬಿಡಲಿಲ್ಲ. ಕೊನೆಗೆ ಗುರು ಸಿಟ್ಟಾಗಿ, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಾ ಎಂದ. ಕೌತ್ಸ ರಘುವಿನ ಬಳಿ ಬಂದಾಗ ರಘು ವಿಶ್ವಜಿತ್ ಯಾಗದಲ್ಲಿ ಎಲ್ಲವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಹಿಡಿದು ನಿಂತಿದ್ದ. ಆದರೂ ಅವನು ಕೌತ್ಸನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಕುಬೇರನ ಮೇಲೆ ದಂಡೆತ್ತಿ ಹೋಗಲು ಸಿದ್ಧನಾದ, ರಾತ್ರಿಯಲ್ಲಿ ಬೊಕ್ಕಸದೊಳಗೆ ಚಿನ್ನದ ಮಳೆಯಾಯಿತು. ನನಗೆ ಮುಖ್ಯವಾಗಿ ಕಾಣುವುದು ಆಮೇಲೆ ನಡೆದದ್ದು. ಬಂದದ್ದೆಲ್ಲ ನಿನಗಾಗಿ ಬಂದದ್ದು, ಎಲ್ಲವನ್ನೂ ತೆಗೆದುಕೋ ಎಂದು ರಘು. ಗುರುವಿಗೆ ಕೊಡಬೇಕಾದಷ್ಟೇ ಸಾಕು, ಹೆಚ್ಚು ಬೇಡ ಎಂದು ಕೌತ್ಸ.

ಈ ಜಗ್ಗಾಟದಲ್ಲಿ ಋಣಕ್ಕಾಗಿ ಕೊಟ್ಟ ನೆರವಿನ ಎರಡು ಲಕ್ಷಣಗಳು ಕಾಣುತ್ತವೆ. ಒಂದು, ಅದು ಋಣದಷ್ಟಕ್ಕೇ ನಿಲ್ಲುತ್ತದೆ. ಸಂಬಳಕ್ಕೆ ಅಂಥ ಎಲ್ಲೆ ಇಲ್ಲ. ಎರಡು, ಕೊಟ್ಟವನು ಪಡೆದವನ ಮೇಲೆ ಹಕ್ಕು ಸ್ಥಾಪಿಸುವುದಿಲ್ಲ. ಹಣ ಕೊಟ್ಟಿದ್ದೇನೆ, ಇಲ್ಲೇ ಐದು ವರ್ಷ ಇರು ಎಂದು ರಘು ಹೇಳಲಿಲ್ಲ. ಕೌತ್ಸ ಹರಸಿ ಹೊರಟುಹೋದ.

ನಮ್ಮ ಕಾಲದ ನೆರವಿಗೆ ಈ ಎರಡನೆಯ ಲಕ್ಷಣ ಇರುವುದು ಅಪರೂಪ. 1913ರಲ್ಲಿ ಅಂಬೇಡ್ಕರ್ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ, ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಒಪ್ಪಂದವಾಗಿತ್ತು. ಅವರು 1917ರಲ್ಲಿ ಮಾತಿನಂತೆ ಬರೋಡಕ್ಕೆ ಬಂದರು. ಆದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಆ ಊರಿನಲ್ಲಿ ಅವರಿಗೆ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಕೆಲಸ ಬಿಟ್ಟು ಹೊರಡಬೇಕಾಯಿತು. ಸಯಾಜಿರಾವ್ ಗಾಯಕವಾಡರ ಔದಾರ್ಯವನ್ನು ಯಾರೂ ಸಣ್ಣದು ಮಾಡಲಾರರು. ಆದರೂ ಓದಿನ ಋಣವನ್ನು ದುಡಿಮೆಯಿಂದ ತೀರಿಸು ಎಂದು ಕಾಗದದಲ್ಲಿ ಬರೆಯುವುದು ಸುಲಭ, ದುಡಿಯುವವನಿಗೆ ಮನುಷ್ಯನಂತೆ ಬದುಕುವ ಜಾಗ ಇದೆಯೇ ಎಂದು ಆ ಕಾಗದ ಕೇಳುವುದಿಲ್ಲ. ಮದುವೆಯ ಸಾಲಕ್ಕೆ ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ದುಡಿದ ಜೀತದ ನೆನಪು ಕರ್ನಾಟಕದ ಹಳ್ಳಿಗಳಿಂದ ಪೂರ್ತಿ ಅಳಿಸಿಹೋಗಿಲ್ಲ. ಅದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1976ರಲ್ಲಿ. ಎಂಜಿನಿಯರನ ಸಾಲ ತೀರಿಸುವ ಕಂಪನಿಯನ್ನು ಜೀತದ ಒಡೆಯನಿಗೆ ಹೋಲಿಸುವುದು ಅನ್ಯಾಯ. ಆದರೆ 'ಬಿಟ್ಟು ಹೋದರೆ ಕೊಟ್ಟದ್ದನ್ನು ವಾಪಸು ಕಟ್ಟು' ಎಂಬ ಕರಾರನ್ನು ತೆರಿಗೆ ವಿನಾಯಿತಿ ಕೊಟ್ಟು ಸರ್ಕಾರವೇ ಬೆಳೆಸುವ ಮೊದಲು ಒಂದು ಕ್ಷಣ ನಿಂತು ಯೋಚಿಸಬೇಕು.

ಈಗ ಅಣ್ಣನಿಗೆ ನನ್ನ ಉತ್ತರ. ಕಂಪನಿ ಕಟ್ಟಿದ ಕಂತಿಗೆ ಮಾತ್ರ ವಿನಾಯಿತಿ ಕೊಡುವುದು ಸರಿಯಲ್ಲ. ಹಾಗೆ ಕೊಟ್ಟರೆ, ಅಷ್ಟೇ ಸಾಲವನ್ನು ತನ್ನ ಸಂಬಳದಿಂದ ತಾನೇ ಕಟ್ಟುವ ಶಾಲಾ ಶಿಕ್ಷಕಿ ಪೂರ್ತಿ ತೆರಿಗೆ ತೆರುತ್ತಾಳೆ, ಉದಾರ ಕಂಪನಿಯ ನೌಕರ ತೆರುವುದಿಲ್ಲ. ಭಾರ ಒಂದೇ ಆಗಿರುವಾಗ ಕರುಣೆ ಎರಡು ಬಗೆಯಾಗಬಾರದು. ಕಂಪನಿಯ ನೆರವನ್ನು ಆದಾಯವೆಂದೇ ಎಣಿಸಲಿ. ಆದರೆ ಓದಿನ ಸಾಲದ ಮರುಪಾವತಿಗೆ, ಅಸಲು ಬಡ್ಡಿ ಎರಡಕ್ಕೂ, ಒಂದು ಮಿತಿಯೊಳಗೆ ಕಡಿತ ಇರಲಿ. ಹಣ ಯಾರ ಕಡೆಯಿಂದ ಬಂತು ಎಂಬುದರ ಮೇಲೆ ಅದು ನಿಲ್ಲದಿರಲಿ, ಯಾವ ತೆರಿಗೆ ಪದ್ಧತಿ ಆರಿಸಿಕೊಂಡರು ಎಂಬುದರ ಮೇಲೂ ನಿಲ್ಲದಿರಲಿ. 2005ಕ್ಕಿಂತ ಮೊದಲಿನ 80ಇ ಇದಕ್ಕೆ ಹತ್ತಿರವಾಗಿತ್ತು. ಊರಿನ ಸಹಕಾರಿ ಸಂಘದಿಂದ ಓದಿಗೆಂದೇ, ಕಾಲೇಜಿನ ರಸೀದಿ ಕೊಟ್ಟು ತಂದ ಸಾಲವನ್ನೂ ಅದರೊಳಗೆ ಸೇರಿಸಿದರೆ ನಮ್ಮಂಥ ಸೀಮೆಯ ನಿಜಸ್ಥಿತಿಗೆ ಅದು ಇನ್ನೂ ಹತ್ತಿರವಾಗುತ್ತದೆ.

ಇಷ್ಟಾದರೂ ಪಹಣಿಯಿಲ್ಲದ ಮನೆಯ ಹುಡುಗಿಗೆ ಏನೂ ಸಿಗುವುದಿಲ್ಲ. ತೆರಿಗೆಯ ರಿಯಾಯಿತಿ ಎಷ್ಟೇ ನ್ಯಾಯವಾಗಿದ್ದರೂ ಅದು ಸಾಲ ಮಾಡಲು ಸಾಧ್ಯವಾದವರಿಗೆ, ಓದಿ ತೆರಿಗೆ ಕಟ್ಟುವಷ್ಟು ಗಳಿಸಿದವರಿಗೆ ತಲುಪುವ ನೆರವು. ಓದು ಮುಗಿದ ಮೇಲೆ ತೋರಿಸುವ ಕರುಣೆಗಿಂತ ಓದುವ ಮೊದಲು ಕೊಡುವ ವಿದ್ಯಾರ್ಥಿವೇತನ ಹೆಚ್ಚು ಜನರನ್ನು ಮುಟ್ಟುತ್ತದೆ. ಸರ್ಕಾರದ ಕೈಯಲ್ಲಿ ಒಂದೇ ರೂಪಾಯಿ ಇದ್ದು, ಅಣ್ಣನಿಗೋ ಅವಳಿಗೋ ಎಂಬ ಪ್ರಶ್ನೆ ಬಂದರೆ ಅವಳಿಗೆ ಎಂದೇ ನಾನು ಹೇಳುತ್ತೇನೆ. ತೆರಿಗೆಯಿಲ್ಲದ ಫೆಲೋಶಿಪ್ಪಿನಲ್ಲಿ ಓದುತ್ತಿರುವ ನಾನು ಬೇರೆ ಉತ್ತರ ಹೇಳಿದರೆ ಅದಕ್ಕೆ ಬೆಲೆ ಇರುವುದಿಲ್ಲ.

ಹಳಬರು ಋಷಿಋಣ ಎಂದು ಒಂದನ್ನು ಹೇಳುತ್ತಿದ್ದರು. ವಿದ್ಯೆ ಕೊಟ್ಟವರ ಋಣ ಅದು, ಅಧ್ಯಯನದಿಂದಲೇ ತೀರುವಂಥದ್ದು. ಬ್ಯಾಂಕಿನ ಸಾಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಸರಳ. ಬ್ಯಾಂಕಿನ ಸಾಲವನ್ನು ಯಾರು ಕಟ್ಟಿದರೂ ತೀರುತ್ತದೆ, ಕಂಪನಿ ಕಟ್ಟಿದರೂ ರಘು ಕಟ್ಟಿದರೂ. ಅದಕ್ಕೆ ತೆರಿಗೆ ಎಷ್ಟೆಂದು ಲೆಕ್ಕ ಹಾಕಲೂಬಹುದು. ಸರ ಅಡವಿಟ್ಟ ಆಯಿಯ, ಎರಡು ವರ್ಷ ಕಂತು ತುಂಬಿದ ದೊಡ್ಡಪ್ಪನ, ಕೇಳದೆ ಕೊಟ್ಟ ಮಾವನ ಋಣವನ್ನು ನಮ್ಮ ಪರವಾಗಿ ಯಾವ ಕಂಪನಿಯೂ ಕಟ್ಟಲಾರದು. ಅದನ್ನು ಓದಿದವರೇ ತೀರಿಸಬೇಕು. ಅವರು ಬದುಕಿರುವಾಗ ಅವರಿಗೆ, ಆಮೇಲೆ ಊರಿನ ಇನ್ನೊಂದು ಮಗುವಿನ ಶುಲ್ಕಕ್ಕೆ.